ಟೈಪಿಂಗ್ ಅಜ್ಜನ ನಂಬರು

ನನ್ನ ಹತ್ತಿರ ಎರಡು ಫೋನುಗಳಿವೆ. ಒಂದು ಕಂಪನಿಯದು. ಇನ್ನೊಂದು ಗುಂಡಿ ಒತ್ತುವ ಹಳೆಯ ಫೋನು. ಅದರ ನಂಬರು ನನ್ನ ಹೆಸರಿನಲ್ಲಿದೆ, ಆದರೆ ನನ್ನದಲ್ಲ. ಹದಿನೈದು ದಿನದ ಹಿಂದೆ ಮಧ್ಯಾಹ್ನ, ತರಕಾರಿ ಪಿಕಪ್ಪನ್ನು ನೆರಳಿಗೆ ನಿಲ್ಲಿಸಿ ಊಟ ಮಾಡುತ್ತಿದ್ದಾಗ ಆ ಫೋನು ಬಡಿಯಿತು. ನೋಡಿದರೆ ಊರಿನ ನಂಬರು.

"ಅಪ್ಪ ಹೋದ್ರು," ಅಂತ ಒಬ್ಬ ಗಂಡಸು ಹೇಳಿದ. "ನಿನ್ನೆ ಬೆಳಿಗ್ಗೆ."

"ಯಾರ ಅಪ್ಪ?"

"ಈ ನಂಬರ್ ಯಾರದ್ದಿತ್ತೋ ಅವರು. ದುಬೈಯಲ್ಲಿ ಯಾರಿಗಾದ್ರೂ ಹೇಳ್ಬೇಕಲ್ಲ ಅಂತ ಮಾಡಿದೆ."

ನಾನು ಪಾಪ ಅನ್ನಲಿಲ್ಲ. "ನೀವು ಅವರ ಮಗ ಅಂತ ಹೇಗೆ ನಂಬುದು?" ಅಂತ ಕೇಳಿದೆ. ಅಪ್ಪ ಸತ್ತವನ ಹತ್ತಿರ ಹಾಗೆ ಕೇಳಬಾರದು, ಗೊತ್ತು. ಆದರೆ ಆ ನಂಬರಿಗೆ ಫೋನು ಬಂದರೆ ಮೊದಲು ಕೇಳು, ಆಮೇಲೆ ನಂಬು ಅಂತ ನನಗೆ ಕೆಲಸ ವಹಿಸಿ ಹೋದದ್ದು ಆ ಸತ್ತವರೇ. ಅವನು ಏನು ಉತ್ತರ ಕೊಟ್ಟ ಅಂತ ಆಮೇಲೆ ಹೇಳುತ್ತೇನೆ. ಮೊದಲು ಅವರ ವಿಷಯ.

ದುಬೈಯ ಅಲ್ ಮುರಕ್ಕಬಾತ್‌ನ ಒಂದು ಹಳೆಯ ಬಿಲ್ಡಿಂಗಿನಲ್ಲಿ, ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ನಾವು ಶೇರಿಂಗ್ ಇದ್ದೇವೆ. ಒಂದು ರೂಮು ನಮ್ಮದು. ನಾನು, ಹೆಂಡತಿ ಸುಮ, ಮಗಳು ಚಿನ್ನು. ನಾವು ಇಲ್ಲಿಗೆ ಬಂದಾಗ ಚಿನ್ನುಗೆ ನಾಲ್ಕು ವರ್ಷ. ಇನ್ನೊಂದು ರೂಮಿನಲ್ಲಿ ಕೇರಳದ ಸಂಸಾರ. ಆ ಮನೆಯಾಕೆಯನ್ನು ಎಲ್ಲರೂ ಚೇಚಿ ಅಂತಲೇ ಕರೆಯುವುದು. ಹಾಲ್ ರೂಮಿನ ಅರ್ಧಕ್ಕೆ ಹಲಗೆ ಹೊಡೆದು ಮಾಡಿದ ಪಾರ್ಟಿಶನ್ನಿನಲ್ಲಿ ಈ ಫೋನಿನ ಹಳೆಯ ಯಜಮಾನರು ಒಬ್ಬರೇ ಇದ್ದರು. ಅಡುಗೆಮನೆ ಎಲ್ಲರಿಗೂ ಸೇರಿ ಒಂದು. ಸುಮ ಕ್ಲಿನಿಕ್ಕಿನಲ್ಲಿ ನರ್ಸು. ಸಂಬಳ ಅವಳದೇ ಜಾಸ್ತಿ, ಮಗುವಿನ ವೀಸಾ ಅವಳ ಹೆಸರಿನಲ್ಲೇ. ನಾನು ಮದುವೆಗೆ ಮೊದಲು ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ ಒಂದು ರೂಮಿಗೆ ಎಂಟು ಜನರ ಜತೆ ಮಲಗಿದವನು. ದಿನಾ ನನಗೆ ಪುಕ್ಕಟೆ ಚಾ ತಂದು ಕೊಡುತ್ತಿದ್ದವನೇ ಒಂದು ದಿನ ನನ್ನ ಫೋನು ಎತ್ತಿಕೊಂಡು ಹೋದ. ಕೇಳದೆ ಉಪಕಾರ ಮಾಡುವವರ ಮೇಲೆ ಅವತ್ತಿನಿಂದ ನನಗೆ ಒಂದು ಕಣ್ಣು.

ಪಾರ್ಟಿಶನ್ನಿನವರಿಗೆ ಅರವತ್ತು ಹತ್ತಿರ ಬಂದಿತ್ತು. ಕಾರ್ಕಳದ ಕಡೆಯವರು, ಮನೆಮಾತು ತುಳು. ನಾವು ಕುಂದಾಪುರದ ಕಡೆ. ಹಾಗಾಗಿ ನಮ್ಮೊಳಗೆ ಕನ್ನಡ. ಕೆಲಸ ಹತ್ತಿರದ ಟೈಪಿಂಗ್ ಸೆಂಟರಿನಲ್ಲಿ. ವೀಸಾ, ಐಡಿ, ಯಾವ ಅರ್ಜಿಯೇ ಇರಲಿ, ಅರಬಿಯಲ್ಲಿ ಇಂಗ್ಲಿಷಿನಲ್ಲಿ ಹೊಡೆದು ಕೊಡುವ ಅಂಗಡಿ. ದೊಡ್ಡವರು ಟೈಪಿಂಗಣ್ಣ ಅನ್ನುತ್ತಿದ್ದರು, ಮಕ್ಕಳು ಟೈಪಿಂಗ್ ಅಜ್ಜ. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಎದುರು ನಿಂತು ಮಾತಾಡಿದರೆ ಅವರ ಬಲಗೈ ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಟೈಪು ಮಾಡುತ್ತಿದ್ದವು. ನಾನು ಹೇಳಿದ್ದನ್ನೆಲ್ಲ ಇವರು ಎಲ್ಲಿಗೋ ಬರೆದು ಕಳಿಸುತ್ತಿದ್ದಾರೆ ಅಂತ ನನಗೆ ಅನಿಸುತ್ತಿತ್ತು.

ನಾವು ಸಾಮಾನು ತಂದ ದಿನವೇ ಬಾಗಿಲಲ್ಲಿ ನಿಂತುಕೊಂಡರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಈಗ ನಂಬರ್ ಎಂತ ನಿಂದು?"

"ಎಂತಕ್ಕೆ?"

"ಇರ್ಲಿ. ಕಾಲಂ ಖಾಲಿ ಬಿಡ್ಬಾರ್ದು."

ಆ ಮಾತು ಅವರ ಬಾಯಿಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಮಕ್ಕಳು ತಟ್ಟೆಯಲ್ಲಿ ಅನ್ನ ಬಿಟ್ಟರೆ, ಚೇಚಿ ಸಾರಿಗೆ ಉಪ್ಪು ಮರೆತರೆ, ಎಲ್ಲದಕ್ಕೂ ಅದೇ. ತನ್ನ ಕಾಲಂ ಮಾತ್ರ ಖಾಲಿ. ಹೆಂಡತಿ ಮಕ್ಕಳು ಇದ್ದಾರಾ ಅಂತ ಸುಮ ಒಮ್ಮೆ ಕೇಳಿದಳು. "ಉಂಟು," ಅಂದವರು ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದರು. ಅಷ್ಟೇ.

ಬೆಳಿಗ್ಗೆ ನಾವು ಹೊರಡುವಾಗ ತಲೆಯಿಂದ ಕಾಲಿನವರೆಗೆ ನೋಡುವರು. "ಇವತ್ತು ಹಳದಿ ಫ್ರಾಕಾ ಚಿನ್ನು? ಅಪ್ಪಂದು ನೀಲಿ ಅಂಗಿ." ಬೇರೆಯವರು ಹಾಕಿದ ಬಟ್ಟೆ ಕಟ್ಟಿಕೊಂಡು ಇವರಿಗೇನು? ಇಲ್ಲಿ ಫ್ಲಾಟಿನೊಳಗೆ ಪಾರ್ಟಿಶನ್ ಹಾಕುವುದು ಕಾನೂನಿಗೆ ವಿರುದ್ಧ; ಅದರ ವಿಷಯಕ್ಕೆ ತಪಾಸಣೆಯವರಿಗೆ ಸುದ್ದಿ ಕೊಡುವ ಮನುಷ್ಯ ಇರಬಹುದು ಅಂತ ನಾನು ಸುಮಳ ಹತ್ತಿರ ಹೇಳಿದೆ.

"ಅವ್ರೇ ಪಾರ್ಟಿಶನ್ನಲ್ಲಿ ಇರುದಲ್ದಾ?" ಅಂದಳು ಅವಳು. "ನಿಮ್ಗೆ ಎಲ್ರ ಮೇಲೂ ಡೌಟೇ. ಮದುವೆಯಾದ ಹೊಸತಿಗೆ ನನ್ನ ಫೋನ್ ಎಷ್ಟು ಸಲ ನೋಡಿದ್ರಿ, ಹೇಳಿ ಕಾಂಬ?"

ಆದರೂ ನಾನು ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಚಿನ್ನುವಿನ ಸ್ಕೂಲ್ ಬಸ್ಸು ಒಂದೂವರೆಗೆ ಬರುತ್ತಿತ್ತು. ಸುಮ ಬರುವುದು ನಾಲ್ಕಕ್ಕೆ. ನಡುವೆ ಚೇಚಿ ನೋಡಿಕೊಳ್ಳುತ್ತಿದ್ದಳು. ಒಂದು ದಿನ ನನ್ನ ಪಿಕಪ್ಪು ಸರ್ವಿಸ್‌ಗೆ ಹೋಗಿತ್ತು. ನಾನು ಬೇಗ ಮನೆಗೆ ಬಂದೆ. ಕೆಳಗೆ ಲಿಫ್ಟಿನ ಎದುರು ಏಳೆಂಟು ಮಕ್ಕಳು ಬ್ಯಾಗು ಹೊತ್ತು ಸಾಲಾಗಿ ನಿಂತಿದ್ದವು. ಮೆಟ್ಟಿಲಿನ ಮೇಲೆ ಅವರು. ಮಧ್ಯಾಹ್ನ ಅವರ ಅಂಗಡಿಗೆ ಬಿಡುವು. ಒಂದೊಂದೇ ಮಗು ಹೋಗಿ ಅವರ ಕಿವಿಯಲ್ಲಿ ಏನೋ ಉಸುರುತ್ತಿತ್ತು. ಅವರು ತಲೆ ಆಡಿಸಿ, ಖರ್ಜೂರವನ್ನು ಉಗುರಿನಲ್ಲಿ ಸೀಳಿ, ಬೀಜ ತೆಗೆದು, ಅರ್ಧ ಕೊಡುತ್ತಿದ್ದರು. ಒಬ್ಬ ಹುಡುಗನಿಗೆ ಕೊಡಲಿಲ್ಲ. "ತಪ್ಪು. ನಾಳೆ," ಅಂದರು. ಅವನು ಅಳುತ್ತಾ ಹೋದ. ಆಮೇಲೆ ನನ್ನ ಮಗಳು ಮುಂದೆ ಬಂದಳು. ಅವರ ಕಿವಿಗೆ ಬಾಯಿ ಇಟ್ಟಳು.

ಕೈ ಹಿಡಿದು ಎಳೆದುಕೊಂಡು ಮೇಲೆ ಬಂದೆ.

"ಅಜ್ಜನ ಕಿವಿಲಿ ಎಂತ ಹೇಳಿದ್ದು?"

"ಇಟ್ಸ್ ಎ ಸೀಕ್ರೆಟ್, ಪಪ್ಪಾ."

"ಪಪ್ಪನ ಹತ್ರ ಎಂತ ಸೀಕ್ರೆಟ್?"

"ಅಜ್ಜ ಸೆಡ್ ನೋ. ಯು ಆರ್ ನಾಟ್ ಎ ಪೊಲೀಸ್."

ಪೊಲೀಸಿನ ಮಾತು ನಾಲ್ಕು ವರ್ಷದ ಮಗುವಿನ ಬಾಯಿಯಲ್ಲಿ ಯಾಕೆ ಬರಬೇಕು? ಸುಮಳಿಗೆ ಹೇಳಿದೆ. ಈ ಸಲ ಅವಳು ನಗಲಿಲ್ಲ. ಮಗಳನ್ನು ಸ್ನಾನಕ್ಕೆ ಕರೆದುಕೊಂಡು ಹೋಗಿ, ನರ್ಸುಗಳು ಕೇಳುವ ಹಾಗೆ ಮೆಲ್ಲಗೆ ಎಲ್ಲ ಕೇಳಿದಳು. ಅಜ್ಜ ಮುಟ್ಟುವುದಿಲ್ಲ, ಎಲ್ಲಿಗೂ ಕರೆಯುವುದಿಲ್ಲ, ಕಿವಿ ಕೊಡುತ್ತಾರೆ ಅಷ್ಟೇ ಅಂದಳಂತೆ ಮಗಳು. ಗುಟ್ಟು ಮಾತ್ರ ಬಿಡಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ಅವರು ಗಂಜಿ ಬಸಿಯುತ್ತಿದ್ದಾಗ ಹೋಗಿ ನಿಂತೆ.

"ಮಕ್ಕಳ ಹತ್ರ ಎಂತ ಗುಟ್ಟು ನಿಮ್ದು?"

"ಗುಟ್ಟಲ್ಲ, ಪಾಠ. ಕಳೆದು ಹೋದ್ರೆ ಎಂತ ಮಾಡ್ಬೇಕು ಅಂತ."

"ನನ್ನ ಮಗ್ಳು ಯಾಕೆ ಕಳೆದು ಹೋಗ್ತಾಳೆ?"

"ಎಲ್ಲ ಅಪ್ಪಂದಿರೂ ಹೀಗೇ ಹೇಳುದು ಮಾರಾಯ." ಅವರು ತಿರುಗಿಯೂ ನೋಡಲಿಲ್ಲ. "ಈಗ ನಂಬರ್ ಎಂತ ನಿಂದು? ನೀನು ಇನ್ನೂ ಕೊಡ್ಲಿಲ್ಲ."

ಕೇಳಿದರೆ ಬೆದರಿಕೆ ಹಾಕಿದ ಹಾಗೇ ಇತ್ತು. ನನಗೆ ನಾಲ್ಕು ವರ್ಷದಲ್ಲಿ ಇದು ಮೂರನೇ ಕಂಪನಿ. ಪ್ರತಿ ಕಂಪನಿಗೂ ಬೇರೆ ಸಿಮ್. ಹಿಂದಿನ ಕಂಪನಿಯ, ಸತ್ತು ಹೋದ ನಂಬರು ಕೊಟ್ಟೆ. ಅವರ ಬೆರಳು ತೊಡೆಯ ಮೇಲೆ ಅದನ್ನು ಟೈಪು ಮಾಡಿತು.

ಚೇಚಿಗೆ ಹೇಳಿದೆ, ಬಸ್ಸಿಳಿದ ಕೂಡಲೇ ಮಗುವನ್ನು ನೇರ ಮೇಲೆ ಕರೆದುಕೊಂಡು ಬಾ, ಖರ್ಜೂರ ಗಿರ್ಜೂರ ಬೇಡ. ಮೊದಲ ದಿನ ಚಿನ್ನು ಲಿಫ್ಟಿನೊಳಗೆ ಬೊಬ್ಬೆ ಹಾಕಿ ಅತ್ತಳಂತೆ. ಸೀಳಿದ ಖರ್ಜೂರವನ್ನು ಹಿಡಿದುಕೊಂಡಿದ್ದ ಅಜ್ಜ, ಲಿಫ್ಟಿನ ಬಾಗಿಲು ಹಾಕಿದ ಮೇಲೆ ಎರಡೂ ಅರ್ಧ ತಾವೇ ತಿಂದರಂತೆ.

ಎರಡು ತಿಂಗಳಾಯಿತು. ಸುಮಳಿಗೆ ಅಬುಧಾಬಿಯ ಲೈಸೆನ್ಸ್ ಪರೀಕ್ಷೆ ಬಂತು. ಪಾಸಾದರೆ ಅಲ್ಲಿ ಒಳ್ಳೆಯ ಆಸ್ಪತ್ರೆ, ನಮಗೇ ಒಂದು ಫ್ಲಾಟು. ಭಾನುವಾರ ಮೂವರೂ ಬಸ್ಸಿನಲ್ಲಿ ಹೋದೆವು. ಹೊರಡುವಾಗ ಅವರು ಬಾಗಿಲಲ್ಲೇ ಇದ್ದರು. "ಹಸಿರು ಅಂಗಿ. ಚಿನ್ನುಗೆ ಕೆಂಪು ಶೂಸ್." ನಾನು ಉತ್ತರ ಕೊಡಲಿಲ್ಲ.

ಸುಮ ಫೋನನ್ನು ಲಾಕರಿನಲ್ಲಿಟ್ಟು ಪರೀಕ್ಷೆಗೆ ಕೂತಳು. ಹೊರಗೆ ಬಿಸಿಲು. ನಾನು ಮಗಳನ್ನು ಹತ್ತಿರದ ಮಾಲ್‌ಗೆ ಕರೆದುಕೊಂಡು ಹೋದೆ. ಆಗ ನನ್ನ ಸೂಪರ್‌ವೈಸರ್ ಫೋನ್ ಮಾಡಿದ. ನಿನ್ನೆಯ ಟೊಮೆಟೊ ಕೊಳೆತಿತ್ತು ಅಂತ ಕಂಪ್ಲೇಂಟಂತೆ. ಅವನಿಗೆ ಎರಡು ಮಾತು ಬೈದೆ. ಬೈದು ತಿರುಗಿದರೆ ಕೈಯಲ್ಲಿ ಮಗಳಿರಲಿಲ್ಲ.

ಆಮೇಲಿನದನ್ನು ಹೇಳುವುದು ಕಷ್ಟ. ನನ್ನ ತಲೆಗೆ ಮೊದಲು ಬಂದದ್ದು, ಯಾರೋ ಎತ್ತಿಕೊಂಡು ಹೋದರು ಅಂತ. ಹಾಗಾಗಿ ಮಾಲಿನ ವಿಚಾರಣೆ ಕೌಂಟರಿಗೆ ಹೋಗಲಿಲ್ಲ, ಗಾರ್ಡಿಗೆ ಹೇಳಲಿಲ್ಲ. ಪಾರ್ಕಿಂಗಿಗೆ ಓಡಿದೆ. ಕಾರುಗಳ ಗಾಜಿಗೆ ಮುಖ ಒತ್ತಿ ಒಂದೊಂದನ್ನೂ ನೋಡಿದೆ. ಒಬ್ಬ ಅರಬಿ ಡ್ರೈವರ್ "ಯಲ್ಲಾ, ಯಲ್ಲಾ" ಅಂತ ನನ್ನನ್ನು ದಬ್ಬಿದ. ಟೈಪಿಂಗ್ ಅಜ್ಜನ ಮುಖವೂ ಕಣ್ಣೆದುರು ಬಂತು. ಕಳೆದು ಹೋದ್ರೆ ಅಂತ ಅವರೇ ಹೇಳಿದ್ದಲ್ಲವಾ? ಅವರು ಅಲ್ಲಿ ದುಬೈಯಲ್ಲಿ, ನಾನು ಇಲ್ಲಿ. ಆದರೂ ನನಗೆ ಅವರ ಮೇಲೆಯೇ ಸಂಶಯ.

ಎಷ್ಟು ಹೊತ್ತಾಯಿತೋ. ಒಬ್ಬ ನೇಪಾಳಿ ಗಾರ್ಡು ಓಡಿ ಬಂದು ನನ್ನ ಅಂಗಿ ನೋಡಿದ, ಮುಖ ನೋಡಿದ.

"ಗ್ರೀನ್ ಶರ್ಟ್? ಆಂಗ್ರಿ ಫಾದರ್? ಕಮ್, ಸರ್."

ಮೇಲೆ ಕೌಂಟರಿನಲ್ಲಿ ಸಮವಸ್ತ್ರದ ಒಬ್ಬ ಹೆಂಗಸಿನ ಪಕ್ಕ ಚಿನ್ನು ಕುರ್ಚಿಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಕಿವಿಯಲ್ಲಿ ಆ ಹೆಂಗಸಿನ ಫೋನು. ನಾನು ಎತ್ತಿಕೊಳ್ಳಲು ಹೋದರೆ ಆ ಹೆಂಗಸು ಕೈ ಅಡ್ಡ ಹಿಡಿದಳು. ನಿನ್ನ ಹೆಂಡತಿಯ ಹೆಸರೇನು, ಮಗುವಿನ ಶೂಸ್ ಎಲ್ಲಿ ಹರಿದಿದೆ, ಮಗು ಯಾವುದಕ್ಕೆ ಹೆದರುತ್ತದೆ ಅಂತ ಹಿಂದಿಯಲ್ಲಿ ಕೇಳಿದಳು. ನನ್ನ ಮಗಳನ್ನು ನನಗೆ ಕೊಡಲು ಪರೀಕ್ಷೆ! ಸುಮ, ಎಡಗಾಲಿನ ಹಿಮ್ಮಡಿ, ಮಿಕ್ಸಿಯ ಸದ್ದು. ಸರಿಯಾಯಿತು. ಕೊಟ್ಟಳು. ಫೋನು ನನ್ನ ಕಿವಿಗೆ ಹಿಡಿದಳು.

"ಸಿಕ್ಕಿದ್ಲಾ?" ಆ ಕಡೆ ಟೈಪಿಂಗ್ ಅಜ್ಜ.

"ಸಿಕ್ಕಿದ್ಲು."

"ಆಯ್ತು," ಅಂತ ಇಟ್ಟರು.

ಮಗಳು ಕಲಿತ ಹಾಗೇ ಮಾಡಿದ್ದಳು. ಅಳಲಿಲ್ಲ. ಸಮವಸ್ತ್ರ ಹಾಕಿದ ಹೆಂಗಸನ್ನು ಹುಡುಕಿ, ಅವಳ ಕಿವಿಯಲ್ಲಿ ಮಾತ್ರ ಆ ನಂಬರು ಹೇಳಿದ್ದಳು. ಅದು ನನ್ನ ನಂಬರಲ್ಲ, ಅವಳ ಅಮ್ಮನದೂ ಅಲ್ಲ, ಅವರದು. ಅವರು ಅಲ್ಲಿಂದಲೇ ನನ್ನ ಅಂಗಿಯ ಬಣ್ಣ, ಎತ್ತರ, "ಯಾರಿಗೋ ಹೊಡೀಲಿಕ್ಕೆ ಹೊರಟವನ ಹಾಗೆ ನಡೀತಾನೆ" ಅಂತ ಗುರುತು ಹೇಳಿ, ಕೇಳಬೇಕಾದ ಮೂರು ಪ್ರಶ್ನೆ ಹೇಳಿಕೊಟ್ಟು, ನಾನು ಸಿಗುವವರೆಗೆ ಮಗಳ ಹತ್ತಿರ ಮಾತಾಡುತ್ತಾ ಇದ್ದರು.

ಸಂಜೆ ಮನೆಗೆ ಬಂದವನು ಥ್ಯಾಂಕ್ಸ್ ಹೇಳಲಿಲ್ಲ. "ನನ್ನ ಮಗ್ಳಿಗೆ ನಿಮ್ಮ ನಂಬರ್ ಯಾಕೆ ಕಲ್ಸಿದ್ದು?" ಅಂತ ಕೇಳಿದೆ.

"ನೀನು ಕೊಟ್ಟ ನಂಬರಿಗೆ ಮೂರು ಸಲ ಹಾಕಿದೆ ಮಾರಾಯ. ಸ್ವಿಚ್ ಆಫ್ ಅಂತ ಒಂದು ಹೆಂಗ್ಸು ಅರಬಿಯಲ್ಲಿ ಹೇಳಿದ್ಳು, ಮತ್ತೆ ಇಂಗ್ಲಿಷಲ್ಲಿ ಹೇಳಿದ್ಳು."

ಸುಮ ನನ್ನ ಮುಖ ನೋಡಿದಳು. ನಾನು ಗ್ಯಾಸ್ ಒಲೆ ನೋಡಿದೆ.

"ಮೂವತ್ತು ವರ್ಷ ಫಾರಂ ತುಂಬಿದ್ದೇನೆ," ಅಂದರು. "ಜನ ರಿನ್ಯೂ ಮಾಡ್ಲಿಕ್ಕೆ ಬರ್ತಾರೆ. ಹೆಸ್ರು ಅದೇ, ಹುಟ್ಟಿದ ತಾರೀಕು ಅದೇ. ಮೊಬೈಲ್ ಕಾಲಂ ಮಾತ್ರ ಪ್ರತಿ ಸಲ ಬೇರೆ. ಕಂಪನಿ ಬಿಟ್ರೆ ಸಿಮ್ ಹೋಯ್ತು. ಐಡಿ ಮುಗಿದ್ರೆ ಸಿಮ್ ಕಟ್. ಮಗುವಿಗೆ ಕಲ್ಸಿದ್ದು ಹಳೇ ನಂಬರ್. ಅದು ಹೇಳ್ತದೆ, ಪಾಪ, ಯಾರೂ ಎತ್ತುದಿಲ್ಲ. ನಂದು ಬಂದಾಗಿಂದ ಒಂದೇ."

"ಅಪ್ಪ ಅಮ್ಮನ ಹತ್ರ ಕೇಳ್ಬೇಕಲ್ಲ?"

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಮತ್ತೆ?"

ಅವರು ಕೇಳದೆ ಮಾಡಿದ್ದು ತಪ್ಪು. ಈಗಲೂ ನಾನು ಅದನ್ನೇ ಹೇಳುತ್ತೇನೆ. ಗುಟ್ಟು ಇಡು ಅಂತ ಯಾವ ದೊಡ್ಡವರೂ ಮಗುವಿಗೆ ಕಲಿಸಬಾರದು. ಅದನ್ನೂ ಹೇಳಿದೆ. ಅವರು "ಅದು ಹೌದು. ಅಪ್ಪ ಅಮ್ಮನಿಗೆ ಹೇಳ್ಬಹುದು ಅಂತ ಸೇರಿಸ್ತೇನೆ," ಅಂದರು, ಫಾರಂ ತಿದ್ದುವವರ ಹಾಗೆ. ಪಾರ್ಟಿಶನ್ನಿನಿಂದ ಒಂದು ನೋಟುಬುಕ್ಕು ತಂದರು. ಬಿಲ್ಡಿಂಗಿನ ಮಕ್ಕಳ ಹೆಸರು, ಫ್ಲಾಟು, ಅಪ್ಪಂದಿರ ನಂಬರುಗಳು. ಒಂದನ್ನು ಹೊಡೆದು ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು. ನನ್ನ ಸಾಲಿನಲ್ಲಿ ಆ ಸತ್ತ ನಂಬರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಫಾರಂ ಅಂದರೆ ಹೆದರಿಕೆ. ಎಲ್ಲ ಸುಮಳೇ ತುಂಬಿಸುವುದು. ಅವತ್ತು ಅವರು ಕೊಟ್ಟ ಪೆನ್ನು ಹಿಡಿದು ಆ ನಂಬರನ್ನು ಹೊಡೆದು ಹಾಕಿ, ಸರಿಯಾದದ್ದನ್ನು ನಾನೇ ಬರೆದೆ.

ಸುಮ ಆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ನಾವು ಅಲ್ಲೇ ಉಳಿದೆವು. ಚಿನ್ನು ಮತ್ತೆ ಸಾಲಿಗೆ ಸೇರಿದಳು. ಇವತ್ತು ಅರ್ಧ ಖರ್ಜೂರ, ಇನ್ನರ್ಧ ನಾಳೆ ತಪ್ಪದೆ ಹೇಳಿದರೆ. ಒಂದು ಅಂಕೆ ತಪ್ಪಿದರೂ ಇಲ್ಲ; ಅದರಲ್ಲಿ ಅವರಿಗೆ ಕರುಣೆ ಇರಲಿಲ್ಲ.

ಕಳೆದ ವರ್ಷ ಅವರ ಅಂಗಡಿ ಮುಚ್ಚಿತು. ಈಗ ಎಲ್ಲರೂ ಅರ್ಜಿಯನ್ನು ಫೋನಿನಲ್ಲೇ ಹಾಕುತ್ತಾರೆ. ಅವರ ವೀಸಾ ಕ್ಯಾನ್ಸಲ್ ಆಯಿತು. ಒಂದು ದಿನ ನನ್ನ ಬಾಗಿಲಿಗೆ ಬಂದರು.

"ಐಡಿ ಹಿಡ್ಕೊಂಡು ಬಾ. ಸಿಮ್ ನಿನ್ನ ಹೆಸ್ರಿಗೆ ಮಾಡುವ."

"ನಾನ್ಯಾಕೆ? ಇದ್ರ ಮೇಲೆ ಕೇಸ್ ಗೀಸ್ ಎಂತಾದ್ರೂ ಉಂಟಾ?"

ಅವರು ನಕ್ಕರು. ಅಷ್ಟು ವರ್ಷದಲ್ಲಿ ಅವರ ಹಲ್ಲು ನಾನು ನೋಡಿದ್ದು ಅವತ್ತೇ.

"ಇದಕ್ಕೇ ನೀನು. ಚೇಚಿಗೆ ಕೊಟ್ರೆ ಫೋನ್ ಬಂದ ಕೂಡ್ಲೆ ಅಳ್ತಾಳೆ, ಕೇಳಿದ್ದೆಲ್ಲ ಹೇಳಿಬಿಡ್ತಾಳೆ. ಮಗು ಸಿಕ್ಕಿದೆ ಅಂತ ಯಾರಾದ್ರೂ ಹೇಳಿದ್ರೆ ನೀನು ಮೊದ್ಲು ಬೈತಿ, ಮತ್ತೆ ಮೂರು ಪ್ರಶ್ನೆ ಕೇಳ್ತಿ. ಅದೇ ಬೇಕಾದ್ದು."

ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ. ಹೋದೆ. ಮೊಬೈಲ್ ಅಂಗಡಿಯವನ ಹತ್ತಿರ ಕೇಸ್ ಇಲ್ಲ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಸೈನ್ ಹಾಕಿದೆ. ಅವರು ಪಕ್ಕದಲ್ಲಿ ತಲೆ ಆಡಿಸುತ್ತಾ ನಿಂತಿದ್ದರು, ಮಕ್ಕಳು ನಂಬರು ಸರಿ ಹೇಳಿದಾಗ ಆಡಿಸುವ ಹಾಗೆ.

ಅವರು ಊರಿಗೆ ಹೋದ ಮೇಲೆ ಎರಡು ಸಲ ಫೋನು ಬಂದಿದೆ. ಒಂದು ಮೆಟ್ರೋ ಸ್ಟೇಷನ್ನಿನಿಂದ, ಐದನೇ ಮಹಡಿಯ ಹುಡುಗ. ಇನ್ನೊಂದು ಅಬುಧಾಬಿಯಿಂದಲೂ ಆಚೆಯ ಮದೀನತ್ ಜಾಯೆದ್‌ನಿಂದ. ನಮ್ಮ ಬಿಲ್ಡಿಂಗು ಬಿಟ್ಟು ಅಪ್ಪನ ಕೆಲಸದ ಮೇಲೆ ಅಷ್ಟು ದೂರ ಹೋದ ಒಂದು ಹುಡುಗಿ, ಅಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ತಪ್ಪಿಸಿಕೊಂಡು ಇದೇ ನಂಬರು ಹೇಳಿತ್ತು. ನಾನು ಕೇಳಿದ ಪ್ರಶ್ನೆಗಳಿಗೆ ಆ ಕಡೆಯ ಹೆಂಗಸಿಗೆ ಸಿಟ್ಟು ಬಂತು. ಬರಲಿ. ಅವರು ನನಗೆ ಬಿಟ್ಟುಹೋದ ನೋಟುಬುಕ್ಕಿನಲ್ಲಿ ಅಪ್ಪನ ನಂಬರಿತ್ತು. ಮಗು ಮನೆಗೆ ಹೋಯಿತು.

ಇನ್ನು ಆ ಊರಿನ ಫೋನು. ಮಗ ಅಂತ ಹೇಗೆ ನಂಬುದು ಅಂತ ನಾನು ಕೇಳಿದೆನಲ್ಲ, ಆ ಕಡೆಯವನು ನಾನು ಹಿಡಿದಿದ್ದ ಫೋನಿನ ನಂಬರನ್ನೇ ಹೇಳಿದ. ಮೊದಲು ಮೂರು ಅಂಕೆ, ನಿಲ್ಲಿಸಿ ಮೂರು, ಕೊನೆಗೆ ನಾಲ್ಕನ್ನು ಒಂದೇ ಉಸಿರಿಗೆ. ಲಿಫ್ಟಿನ ಎದುರು ಮಕ್ಕಳು ಹೇಳುವ ರಾಗವೇ.

"ಸಣ್ಣದಿರುವಾಗ ನೀವು ಇಲ್ಲಿದ್ರಾ?" ಅಂತ ಕೇಳಿದೆ.

"ಇಲ್ಲ. ನಾವು ಯಾರೂ ದುಬೈ ನೋಡ್ಲೇ ಇಲ್ಲ. ಫ್ಯಾಮಿಲಿ ವೀಸಾಕ್ಕೆ ಅಪ್ಪನ ಸಂಬಳ ಯಾವತ್ತೂ ಸಾಕಾಗ್ಲಿಲ್ಲ. ರಜೆಗೆ ಬಂದಾಗ ನಂಗೂ ತಂಗಿಗೂ ಕಲ್ಸಿದ್ದು. ಬೂತಿಂದ ಮಾಡ್ಲಿಕ್ಕೆ. ಈ ನಂಬರ್ ಬದಲಾದ್ರೆ ಮಕ್ಕಳಿಗೆ ಅಪ್ಪ ಸಿಗುದಿಲ್ಲ ಅಂತ ಕಡೇವರೆಗೆ ಇಟ್ಕೊಂಡ್ರು. ಸರಿ ಹೇಳಿದ್ರೆ ಅರ್ಧ ಖರ್ಜೂರ ಕೊಡ್ತಿದ್ರು."

ದಿನಾ ಬೇರೆಯವರ ಹೆಂಡತಿ ಮಕ್ಕಳ ವೀಸಾ ಟೈಪು ಮಾಡುತ್ತಿದ್ದ ಮನುಷ್ಯ. ಆದರೂ ನಾನು ಮೂರನೇ ಪ್ರಶ್ನೆ ಕೇಳಿದೆ.

"ಇನ್ನರ್ಧ ಯಾವಾಗ?"

"ಮರುದಿನ," ಅಂದ ಅವನು. "ಹೊರಡುವ ದಿನದ್ದು ಮಾತ್ರ ಮುಂದಿನ ರಜೆಗೆ."

ಆಮೇಲೆ ನಂಬಿದೆ. ಊಟ ಅಲ್ಲಿಗೇ ಬಿಟ್ಟೆ.

ಅವರಿದ್ದ ಪಾರ್ಟಿಶನ್ನಿಗೆ ಹಾಸನದ ಕಡೆಯವನೊಬ್ಬ, ಹೆಂಡತಿ ಮತ್ತು ಸಣ್ಣ ಮಗನ ಜತೆ ಬಂದಿದ್ದಾನೆ. ಭಾನುವಾರ ಲಿಫ್ಟಿನ ಎದುರು ಮೆಟ್ಟಿಲ ಮೇಲೆ ಈಗ ನಾನು ಕೂರುತ್ತೇನೆ. ಮೊನ್ನೆ ಅವನ ಮಗ ನನ್ನ ಕಿವಿಯಲ್ಲಿ ಉಸುರುತ್ತಿದ್ದಾಗ ಅವನು ಕೈಕಟ್ಟಿ ದೂರದಲ್ಲಿ ನಿಂತಿದ್ದ. ರಾತ್ರಿ ಊಟದ ಹೊತ್ತಿಗೆ ನೇರ ಅಡುಗೆಮನೆಗೆ ಬಂದ.

"ಏನ್ರೀ ಅದು, ನನ್ ಮಗುಗೆ ಕಿವೀಲಿ ಹೇಳ್ಕೊಡ್ತಿರೋದು?"

"ಹೇಳ್ತೇನೆ, ನಿನಗೆ ಹೇಳ್ಲೇಬೇಕು. ಮೊದ್ಲು ಈಗಿನ ನಂಬರ್ ಎಂತ ನಿಂದು?"

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಆಮೇಲೆ ಒಂದು ನಂಬರು ಹೇಳಿದ. ನಾನು ಅಲ್ಲೇ ಅವನೆದುರೇ ಹಾಕಿ ನೋಡಿದೆ. ಸ್ವಿಚ್ ಆಫ್.

ಮುಂದೆ ನಾನು ಊರಿಗೆ ಹೋಗುವಾಗ ಈ ಸಿಮ್ಮನ್ನು ಯಾರ ಹೆಸರಿಗೆ ಮಾಡಬೇಕು ಅನ್ನುವ ಚಿಂತೆ ಈಗ ಇಲ್ಲ.